ಮುಳುಗಿದ ಸೂರ್ಯ, ಒಣಗಿದ ಸಂಡಿಗೆ

ಶನಿವಾರ ಪೇಠೆ, ಪುಣೆ
೧೧ ನವೆಂಬರ್ ೧೯೩೬

ಪ್ರೀತಿಯ ಅಜ್ಜೀ,

'ಪೂಜ್ಯ' ಎಂದು ಬರೆಯಬೇಕಿತ್ತು. ಆದರೆ ಸಿಟ್ಟಿನಲ್ಲಿರುವವನ ಲೇಖನಿಗೆ ಅಷ್ಟು ದೊಡ್ಡ ಮಾತು ಏಳುವುದಿಲ್ಲ. ನಿನ್ನ ಮಂಡಿನೋವು ಹೇಗಿದೆ? ಧಾರವಾಡದ ಥಂಡಿಯಲ್ಲಿ ತಣ್ಣೀರು ಸ್ನಾನ ಬೇಡವೆಂದರೆ ಕೇಳುವವಳಲ್ಲ ನೀನು. ಮಡಿ ಕಾಯುತ್ತೀಯೋ, ಮಂಡಿ ಕಾಯುತ್ತೀಯೋ, ಎರಡರಲ್ಲಿ ಒಂದನ್ನು ಆರಿಸಿಕೋ. ಇದನ್ನು ನಿನಗೆ ಓದಿ ಹೇಳುತ್ತಿರುವ ಚಿಕ್ಕಪ್ಪನ ಮಗ ಪ್ರಲ್ಹಾದ ನಡುವೆ ನಕ್ಕರೆ ಅವನ ಕಿವಿ ಹಿಂಡು. ಇದು ನಗುವ ವಿಷಯವಲ್ಲ.

ಇಲ್ಲಿನ ಹವ್ಯಾಸಿ ಛಾಯಾಚಿತ್ರಗಾರರ ಸಂಘದವರು ಈ ತಿಂಗಳ ಕೊನೆಗೆ ದಂಡಿನವರ ಕ್ಯಾಂಪ್ ಪೇಟೆಯಲ್ಲಿ ಪ್ರದರ್ಶನ ಇಡುತ್ತಿದ್ದಾರೆ. ಒಬ್ಬ ಸದಸ್ಯನಿಗೆ ಒಂದೇ ಚಿತ್ರ! ವರ್ಷಗಟ್ಟಲೆ ಕ್ಯಾಮೆರಾ ಕೊರಳಿಗೆ ಕಟ್ಟಿಕೊಂಡು ಅಲೆದವನಿಗೆ ಒಂದನ್ನೇ ಆರಿಸು ಅನ್ನುವುದು, ಮನೆತುಂಬ ಮಕ್ಕಳಿರುವವನಿಗೆ ಒಂದೇ ಎಲೆ ಹಾಕು ಅಂದ ಹಾಗೆ. ಆದರೂ ಆರಿಸಿದೆ. ಸಿಂಹಗಡದ ಸೂರ್ಯಾಸ್ತ. ಆ ಸೂರ್ಯನಿಗಾಗಿ ನಾನು ಸುಡುಬಿಸಿಲಲ್ಲಿ ಗುಡ್ಡ ಹತ್ತಿದ್ದೇನೆ, ಮುಳ್ಳು ತುಳಿದಿದ್ದೇನೆ, ಇಳಿಯುವಾಗ ಧೋತರ ಹರಿದುಕೊಂಡಿದ್ದೇನೆ. ಸಂಘದ ಕಾರ್ಯದರ್ಶಿ ರಾಘಣ್ಣ, ನಮ್ಮ ಬೆಳಗಾವಿಯವರೇ, ರೈಲ್ವೆ ಕಚೇರಿಯ ಗುಮಾಸ್ತರು, ಅದನ್ನು ನೋಡಿ ಏನಂದರು ಗೊತ್ತೇ? "ಅವಧೂತರಾವ್, ಇಂಥಾ ಸೂರ್ಯಾ ಎಲ್ಲಾರ ಕಡೆನೂ ಮುಳಗ್ಯಾನ್ರಿ. ಸಾಕಾಗಿ ಹೋಗೇದ. ಬ್ಯಾರೆ ತರ್ರಿ." ಟಿಕೇಟು ಇಲ್ಲದ ಪ್ರಯಾಣಿಕನನ್ನು ಇಳಿಸುವ ಹಾಗೆ ಇಳಿಸಿಬಿಟ್ಟರು! ನನ್ನ ಸೂರ್ಯ ಎರಡನೆಯ ಸಲ ಮುಳುಗಿದ.

ಮನೆಗೆ ಬಂದು ನೀರಜಾಳ ಮುಂದೆ ಗೋಳು ತೋಡಿಕೊಂಡೆ. ಹೆಂಡತಿಯಾದವಳು ಗಂಡನ ಪಕ್ಷ ವಹಿಸಬೇಕು ತಾನೇ? ಅವಳು ಹಿಟ್ಟಿನ ಕೈ ಒರೆಸಿಕೊಂಡು, ನನ್ನ ಚಿತ್ರಗಳನ್ನೆಲ್ಲ ಜಮಖಾನೆಯ ಮೇಲೆ ಹರಡಿ, ಸರಕಾರದವರಂತೆ ಕಾಯಿದೆ ಹೊರಡಿಸಿದಳು: "ಹ್ಯಾಂಗ ತಗದ್ರಿ, ಎಷ್ಟು ಕಷ್ಟಾ ಪಟ್ರಿ, ಆ ಕಥಿ ಹೇಳೂಹಂಗಿಲ್ಲ. ಬಾಯಿ ಮುಚ್ಚಿ ನೋಡ್ರಿ. ಕಥಿ ಹೇಳಿದ್ರಷ್ಟ ಛೊಲೊ ಕಾಣೂವು ಎಲ್ಲಾ ಬಾಜೂಕ ಇಡ್ರಿ." ಎಂಥ ದಬ್ಬಾಳಿಕೆ! ಕಥೆ ಕಿತ್ತುಕೊಂಡ ಮೇಲೆ ಸಿಂಹಗಡದ ಸೂರ್ಯ ಕರಿಹಲಗೆಯ ಮೇಲಿನ ಸುಣ್ಣದ ಚುಕ್ಕೆ. ಮುಠಾ ನದಿಯ ದೋಣಿಗಾಗಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದೆ. ಚಿತ್ರದಲ್ಲಿ ದೋಣಿ ಇದೆ, ನೆನೆದ ಸೊಂಟ ಎಲ್ಲಿದೆ? "ನೀವು ಚಿತ್ರಾ ನೋಡವಲ್ರಿ, ನಿಮ್ಮ ಪಾಡು ನೋಡಿ ಮರಗಲಿಕ್ಕತ್ತೀರಿ" ಎಂದಳು. ಸಿಟ್ಟು ನೆತ್ತಿಗೇರಿತು, ಸುಳ್ಳಾಗಿದ್ದರೆ ಇಷ್ಟು ಏರುತ್ತಿರಲಿಲ್ಲ. ಒಂದೊಂದನ್ನೇ ನಾನೇ ಎತ್ತಿ ಪಕ್ಕಕ್ಕಿಟ್ಟೆ. ಕೊನೆಗೆ ಜಮಖಾನೆಯ ಮೇಲೆ ಒಂದು ಉಳಿಯಿತು.

ಅದು ನೀನು.

ನೆನಪಿದೆಯೇ? ಬೇಸಗೆಯಲ್ಲಿ ಇಲ್ಲಿಗೆ ಬಂದಿದ್ದಾಗ ಮಾಳಿಗೆಯ ಮೇಲೆ ಮಡಿಯಲ್ಲಿ ಸಂಡಿಗೆ ಇಡುತ್ತಿದ್ದೆ. ಕಾಗೆಗೆಂದು ಎತ್ತಿದ ಕೋಲು ಕ್ಯಾಮೆರಾ ಹಿಡಿದ ನನ್ನನ್ನು ಕಂಡು ಈ ಕಡೆ ತಿರುಗಿತು. "ಮಡೀಲೆ ಇದ್ದೀನಿ, ಆ ಡಬ್ಬೀ ಕಣ್ಣು ನನ್ನ ಮ್ಯಾಲೆ ಬೀಳಬಾರದು, ಮಂಗ್ಯಾ!" ಅಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು. ಡಬ್ಬಿ ನೋಡಿದರೂ ಮುಟ್ಟಿದ ಲೆಕ್ಕವೇ ಎಂದು ನೀನು ಮತ್ತೆ ತಲೆಗೆ ನೀರು ಹೊಯ್ದುಕೊಂಡೆ. ಉಳಿದ ಸಂಡಿಗೆ ಹಿಟ್ಟು ಮೈಲಿಗೆಯಾಗಿ ಹಾಲಿನವನ ಎಮ್ಮೆಯ ಹೊಟ್ಟೆ ಸೇರಿತು. "ಡಬ್ಬ್ಯಾಗ ಏನ್ ಬಿದ್ದದ, ಅದನ್ನ ತೊಳದು ಹಾಕು" ಎಂದು ಅಪ್ಪಣೆ ಕೊಟ್ಟೆ. ತೊಳೆದೆ. ನಮ್ಮ ಫಿಲ್ಮು ತೊಳೆದರೇನೇ ಚಿತ್ರ ಮೂಡುವುದು, ನಾನೇನು ಮಾಡಲಿ!

ಇದಕ್ಕಾಗಿ ನಾನು ಗುಡ್ಡ ಹತ್ತಲಿಲ್ಲ, ನೀರಿಗಿಳಿಯಲಿಲ್ಲ. ಕೋಲು ಅಲುಗಿ ಮಸುಕಾಗಿದೆ, ಮೂಲೆಯಲ್ಲಿ ಅರ್ಧ ಕಾಗೆ. ನಿನ್ನ ಬಾಯಿ ಬೈಯುತ್ತಿದೆ, ಕಣ್ಣು ನಗುತ್ತಿದೆ. ನಾನು ಪಕ್ಕದಲ್ಲಿ ನಿಂತು ಒಂದಕ್ಷರ ಹೇಳಬೇಕಾಗಿಲ್ಲ. ಬೆವರು ಸುರಿಸಿದ್ದೆಲ್ಲ ಕಸ, ಬೈಸಿಕೊಂಡು ಪಡೆದದ್ದು ಚಿನ್ನ! ಇದು ಯಾವ ಊರಿನ ನ್ಯಾಯ?

ಚಿಕ್ಕಪ್ಪ, ಚಿಕ್ಕಮ್ಮನಿಗೆ ನಮ್ಮಿಬ್ಬರ ನಮಸ್ಕಾರ. ನಿನ್ನ ಪಾದಕ್ಕೆ ದೂರದಿಂದಲೇ, ಮಡಿ ಕೆಡದ ಹಾಗೆ, ಅಡ್ಡಬಿದ್ದಿದ್ದೇನೆ.

ನಿನ್ನ ಮಂಗ್ಯಾ,
ಅವಧೂತ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಚಿತ್ರವನ್ನು ರಾಘಣ್ಣನವರಿಗೆ ಇನ್ನೂ ಕೊಟ್ಟಿಲ್ಲ. ಕಂಡಕಂಡವರು ನೋಡುವ ಗೋಡೆ ಅದು. ನೀನು ಹೂಂ ಅನ್ನದೆ ಕೊಡುವುದಿಲ್ಲ. ಬೇಡವೆಂದರೆ ನನ್ನ ಜಾಗ ಖಾಲಿ ಇರಲಿ, ಆ ಸೂರ್ಯನನ್ನಂತೂ ಮತ್ತೆ ಒಯ್ಯುವುದಿಲ್ಲ. ಆದರೆ ಹರಿದುಹಾಕು ಎಂದು ಮಾತ್ರ ಬರೆಸಬೇಡ. ಮುತ್ತಜ್ಜನ ಮೂಗು ಹೇಗಿತ್ತು ಎಂದು ಮೊನ್ನೆ ಮಗಳು ಇಂದೂ ಕೇಳಿದಳು. ಅಜ್ಜ ಒಂದೂ ಚಿತ್ರ ತೆಗೆಸಿಕೊಳ್ಳಲಿಲ್ಲ. ಅಪ್ಪ ಉದ್ದ ಅನ್ನುತ್ತಿದ್ದ, ಚಿಕ್ಕಪ್ಪ ಮೊಂಡು ಅನ್ನುತ್ತಾನೆ. ಒಮ್ಮೆ ನೀನೇ ಹೇಳಹೊರಟು, ಸರಿಯಾಗಿ ನೆನಪಾಗದೆ ನಡುವೆ ನಿಲ್ಲಿಸಿಬಿಟ್ಟೆ. ನಿನ್ನ ಮೂಗಿನ ವಿಷಯಕ್ಕೆ ನಮ್ಮ ಮನೆಯಲ್ಲಿ ಯಾರೂ ಜಗಳವಾಡಬಾರದು.