ಹಿಂದಕ್ಕೆ ಸರಿದ ಗಾಡಿ

೧೧ ಫೆಬ್ರವರಿ ೧೯೪೭, ಮಂಗಳವಾರ

ಗಾಡಿ ಹಿಂದಕ್ಕೆ ಸರಿದದ್ದು ಕಣ್ಣಿನಿಂದ ಹೋಗುತ್ತಿಲ್ಲ.

ನಮ್ಮ ಹಳೇ ಪಿಕಪ್ಪಿಗೆ ಮಿಲಿಟರಿ ಹರಾಜಿನಲ್ಲಿ ಸಿಕ್ಕ ದಪ್ಪ ಆಕ್ಸಲ್ಲನ್ನು ಹಲಸೂರಿನ ದಸ್ತಗೀರ್ ಮೇಸ್ತ್ರಿ ಇವತ್ತು ಹಿಂದೆ ಕೂರಿಸಿದರು. ಇನ್ನು ಕಲ್ಲು ಹೇರಿದರೂ ಮುರಿಯುವುದಿಲ್ಲವಂತೆ. ಕಾರ್ತಿಕದಲ್ಲಿ ಬಾಣಸವಾಡಿ ದಿಬ್ಬದ ಮೇಲೆ ಹಳೆಯದು ಮುರಿದಾಗ, ಚಕ್ರಕ್ಕೆ ಕಲ್ಲು ಕೊಡಲು ಅಣ್ಣ ಇಳಿದು ಹಿಂದಕ್ಕೆ ಓಡಿದ್ದ. ಬ್ರೇಕು ಹಿಡಿಯಲಿಲ್ಲ, ಗಾಡಿ ಅವನ ಮೇಲೇ ಸರಿಯಿತು; ಅಣ್ಣ ಉಳಿಯಲಿಲ್ಲ. ಸ್ಟೀರಿಂಗಿನಲ್ಲಿ ಕೂತಿದ್ದವನು ನಾನು.

ಸಂಜೆ ಒಂದನೇ ಗೇರ್ ಹಾಕಿದೆ. ಗಾಡಿ ಮುಂದೆ ಹೋಗಲಿಲ್ಲ, ಹಿಂದಕ್ಕೆ ಸರಿಯಿತು. ಆಕ್ಸಲ್ಲಿನ ಒಳಗಿನ ಹಲ್ಲುಚಕ್ರವನ್ನು ಉಲ್ಟಾ ಕೂರಿಸಿಬಿಟ್ಟಿದ್ದರು. ಶೆಡ್ಡಿನವರೆಲ್ಲ ಬಿದ್ದು ಬಿದ್ದು ನಕ್ಕರು.

“ಯಾ ಅಲ್ಲಾ! ಹಿಂದಕ್ಕೆ ಮೂರು ಗೇರು, ಮುಂದಕ್ಕೆ ಒಂದೇ! ಬೈಲಪ್ಪ, ಇದನ್ನ ಸರ್ಕಸ್ಸಿಗೆ ಕೊಟ್ಬಿಡು,” ಅಂದರು ಮೇಸ್ತ್ರಿ.

ನಾನು ಬ್ರೇಕು ತುಳಿದು ಕೂತೇ ಇದ್ದೆ. ಅವರ ನಗು ನಿಂತಿತು. ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಕಾಲು ತೆಗಿಯಪ್ಪ. ಹಿಂದೆ ಯಾರೂ ಇಲ್ಲ.”

ಇಲ್ಲವೆಂದು ನನಗೂ ಗೊತ್ತಿತ್ತು. ಕಾಲು ಏಳಲಿಲ್ಲ.

ನಾಳೆ ಬಿಚ್ಚಿ ಸರಿಮಾಡುತ್ತಾರೆ. ಊಟಕ್ಕಿಡುತ್ತಾ ಅತ್ತಿಗೆ, “ಗಟ್ಟಿ ಆಯ್ತಲ್ಲ, ಇನ್ನು ಭಯ ಇಲ್ಲ ತಾನೆ?” ಎಂದು ಕೇಳಿದರು. ಹೂಂ ಅಂದೆ. ಗಾಡಿ ಓಡದಿದ್ದರೆ ಮನೆಯ ಒಲೆ ಉರಿಯುವುದಿಲ್ಲ.

ನಾಡಿದ್ದು ಅದೇ ದಿಬ್ಬ ಹತ್ತಬೇಕು. ಗಾಡಿ ಹತ್ತುತ್ತದೆ, ಅನುಮಾನವಿಲ್ಲ. ನಾನು ಹತ್ತುತ್ತೇನೋ, ಗೊತ್ತಿಲ್ಲ.