ಸುಮ್ಮನಿದ್ದ ಆರು ದಿನ

ಕೊಚಬಾಂಬಾ
ಆಗಸ್ಟ್ ೧೯

ಪ್ರೀತಿಯ ಡೆಲ್ಫಿನಾ,

ಹೇಗಿದ್ದೀಯಾ ಮಗಳೇ? ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬಂದ ಬೆನ್ನುನೋವು ಕಡಿಮೆಯಾಯಿತೇ? ಸಾವೊ ಪಾವ್ಲೊದಲ್ಲಿ ಚಳಿ ಎಂದಿದ್ದೆ, ಉಣ್ಣೆಯ ಶಾಲು ಕಳಿಸಿದ್ದೇನೆ, ಹೊದ್ದುಕೋ. ಕುಶಲ ಕೇಳಿಯಾಯಿತು, ಈಗ ನನ್ನ ಸಿಟ್ಟು ಕೇಳು. ನಿನ್ನ ಮಗಳು ಸುಲ್ಮಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಫೋನಿನಲ್ಲಿ ಹೇಳಿದರೆ ಅವಳ ಕಿವಿಗೆ ಬೀಳುತ್ತದೆ, ಅದಕ್ಕೇ ಬಸ್ಸಿನಲ್ಲಿ ಅಲ್ಲಿಗೆ ಬರುತ್ತಿರುವ ಪಕ್ಕದ ಮನೆಯವಳ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಅವಳ ನ್ಯುಮೋನಿಯಾ ಇಳಿದು, ಉಸಿರಾಟಕ್ಕೆ ಹಾಕಿದ್ದ ಗಂಟಲಿನ ಕೊಳವೆ ತೆಗೆದದ್ದು ನಿನಗೆ ಗೊತ್ತು. ಆಮೇಲಿನದು ಗೊತ್ತಿಲ್ಲ. ತೀವ್ರ ನಿಗಾ ಘಟಕದೊಳಗೆ ನನ್ನನ್ನು ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುತ್ತಿದ್ದರು. ಹೋದಾಗ ಅವಳು ಹೊದಿಕೆಯ ನೂಲು ಕೀಳುತ್ತಿದ್ದಳು. ಕಣ್ಣು ತೆರೆದಿತ್ತು, ನೋಟ ಎಲ್ಲೋ ಇತ್ತು. ಹೆಸರು ಹಿಡಿದು ಕರೆದೆ, ಗೋಡೆ ಕಡೆ ತಿರುಗಿದಳು. ಹಸುಗೂಸಾಗಿದ್ದಾಗಿನಿಂದ ಎಳೆದಾಡುವ ನನ್ನ ಜಡೆಯನ್ನು ಕೈಗೆ ಕೊಟ್ಟೆ, ಕೊಡವಿಬಿಟ್ಟಳು. ಇದು ನಮ್ಮ ಮಗು ಅಲ್ಲ, ಏನೋ ಆಗಿದೆ ಎಂದೆ. ಡಾಕ್ಟರು ನಕ್ಕರು. "ಅಜ್ಜೀ, ನಿಮ್ ಬೆಟ್ಟದ ಕಡೆ ಮಕ್ಳು ದೊಡ್ಡೋರ ಮುಖ ನೋಡಲ್ಲ, ನೀವೇ ಹಂಗ್ ಬೆಳೆಸ್ತೀರಿ. ಗಲಾಟೆ ಇಲ್ದೆ ಮಲಗಿದಾಳೆ, ಖುಷಿಪಡಿ" ಎಂದರು. ಹೌದು, ಹೊರಗಿನವರ ಮುಂದೆ ತಲೆ ತಗ್ಗಿಸು ಎಂದೇ ಬೆಳೆಸುತ್ತೇವೆ. ಆದರೆ ನಾನು ಹೊರಗಿನವಳೇ? ನನ್ನನ್ನಂತೂ ಅವಳು ದುರುಗುಟ್ಟಿಯೇ ನೋಡುವುದು. ಪಕ್ಕದ ಹಾಸಿಗೆಯ ಮಗು ಕಿರುಚಿದರೆ ನಾಲ್ಕು ಜನ ಓಡಿ ಬರುತ್ತಿದ್ದರು. ನಮ್ಮದು ಸುಮ್ಮನಿತ್ತು, ಯಾರೂ ತಿರುಗಿ ನೋಡಲಿಲ್ಲ.

ನಾನು ಬಿಡದೆ ಬೆನ್ನು ಹತ್ತಿದಾಗ, ಹೆತ್ತವಳನ್ನೇ ಕೇಳೋಣ ಎಂದು ನನ್ನೆದುರಿಗೇ ನಿನಗೆ ಫೋನ್ ಮಾಡಿದರು. ನೀನೇನು ಹೇಳಿದೆ? "ಹೌದು ಡಾಕ್ಟ್ರೇ, ಅವ್ಳು ಯಾವಾಗ್ಲೂ ಹಾಗೇ. ಮಾತು ಕಮ್ಮಿ, ಮುಖಾನೂ ನೋಡಲ್ಲ." ಮಗುವಿನ ಸ್ವಭಾವವೇ ಹೀಗೆ ಎಂದು ಬರೆದುಕೊಂಡರು. ಆರು ವರ್ಷದ ಮಗುವನ್ನು, ನೀನು ಅಲ್ಲಿಗೆ ಹೋದ ಮೂರು ವರ್ಷದಿಂದ ಸಾಕುತ್ತಿರುವ ನನ್ನ ಮಾತಿಗೆ ಅಲ್ಲಿ ಕವಡೆ ಕಾಸಿನ ಬೆಲೆ ಇರಲಿಲ್ಲ. ನಿನ್ನ ಒಂದು ಮಾತಿನಿಂದ, ಕೊಳವೆ ಹಾಕಿದಾಗ ಶುರುವಾದ ನಿದ್ದೆಮದ್ದು ಮತ್ತೂ ಆರು ದಿನ ಹಾಗೇ ನಡೆಯಿತು.

ಏಳನೇ ದಿನ ರೊಕ್ಸಾನಾ ಎಂಬ ನರ್ಸ್ ರಜೆ ಮುಗಿಸಿ ಬಂದಳು. "ತಾಯೀ, ಹುಷಾರಾಗಿದ್ದಾಗ ನಿಮ್ ಜೊತೆ ಹೇಗಿರ್ತಿದ್ಲು, ಅದನ್ನ ಹೇಳಿ" ಎಂದಳು. ಸಂತೆಯಲ್ಲಿ ನನ್ನ ಆಲೂಗಡ್ಡೆ ರಾಶಿಯ ಹಿಂದೆ ಕೂತು ದಿನವಿಡೀ ತಲೆ ತಿನ್ನುವವಳು, ಬಾಯಿ ಮುಚ್ಚು ಎಂದರೆ ಇನ್ನೂ ಜೋರಾಗಿ ಹಾಡುವವಳು ಎಂದೆ. ರೊಕ್ಸಾನಾ ಮಗುವನ್ನು ಕರೆದಳು, ಕಣ್ಣೆದುರು ಬೆರಳಾಡಿಸಿದಳು, ತುಂಬ ಹೊತ್ತು ನೋಡಿದಳು. "ಇದು ಸನ್ನಿ. ಕಾಯಿಲೆ ಜೋರಾದ್ರೆ, ನಿದ್ದೆಮದ್ದು ಹೆಚ್ಚಾದ್ರೆ ಮಕ್ಳಿಗೂ ಬರುತ್ತೆ. ಕಿರುಚೋ ಮಕ್ಳು ಕಣ್ಣಿಗೆ ಬೀಳ್ತಾರೆ, ಸುಮ್ನಾಗೋರು ಬೀಳಲ್ಲ" ಎಂದವಳೇ ಡಾಕ್ಟರನ್ನು ಕರೆತಂದು ತೋರಿಸಿದಳು. ಮದ್ದು ಇಳಿಸಿದರು, ಕಿಟಕಿಯ ಪರದೆ ಸರಿಸಿದರು, ನನ್ನನ್ನು ದಿನವಿಡೀ ಪಕ್ಕದಲ್ಲಿ ಕೂರಿಸಿದರು. ಮದ್ದು ಇಳಿಸಿದ ನಾಲ್ಕನೇ ದಿನ ಸುಲ್ಮಾ ನನ್ನ ಜಡೆ ಹಿಡಿದು ಎಳೆದಳು, ನೋವಾಗುವ ಹಾಗೆ. ನಾನು ಅತ್ತುಬಿಟ್ಟೆ. ಡಾಕ್ಟರು ತಪ್ಪಾಯಿತು ಎನ್ನಲಿಲ್ಲ. ಈಗ ಪರವಾಗಿಲ್ಲ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು.

ನಿನ್ನ ಬೆರಳುಗಳನ್ನು ದೇವರು ಸೂಜಿಯಿಂದ ಕಾಪಾಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ಸಿಟ್ಟಿನಲ್ಲೂ ನಿನ್ನ ಅಮ್ಮನೇ ಆದ
ಬೆನಿತಾ

ಮರೆತ ಮಾತು: ಪಕ್ಕದ ಮನೆಯವಳು ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನೀನು ಡಾಕ್ಟರಿಗೆ ಸುಳ್ಳು ಹೇಳಲಿಲ್ಲ, ನನಗೆ ಗೊತ್ತು. ಫೋನಿನಲ್ಲಿ ನಿನ್ನ ಮುಖ ಬಂದಾಗಲೆಲ್ಲ ಅವಳು ತಲೆ ತಗ್ಗಿಸಿ ಸುಮ್ಮನೆ ಕೂರುತ್ತಾಳೆ, ಈ ಮೂರು ವರ್ಷದಲ್ಲಿ ನೀನು ಕಂಡದ್ದು ಅಷ್ಟೇ. ಹೊರಗಿನವರ ಮುಂದೆ ಹಾಗೆ ಕೂರಬೇಕು ಎಂದು ಕಲಿಸಿದವಳು ನಾನೇ. ಬಂದುಬಿಡು.