ಸೊಹಾರಿನ ಆರು, ಉಪ್ಪಳದ ಏಳೂವರೆ

ಬುಧವಾರ, 12 ಅಕ್ಟೋಬರ್ 2011

ಎಲ್ರೊಯ್ ಈ ಸಂಬಂಧವೇ ಬೇಡ ಅನ್ನುವ ಹಂತಕ್ಕೆ ಬಂದಿದ್ದ. ಒಮಾನಿನ ಸೊಹಾರಿನಿಂದ ಮೂರು ಸಂಜೆ ಆರಕ್ಕೆ ಫೋನ್ ಮಾಡಿದನಂತೆ. ಮೂರು ಸಲವೂ ನಮ್ಮ ಉಪ್ಪಳದ ಹುಡುಗಿ ಒಲಿವಿಯಾಳ ಮನೆಯವರು ಕಟ್ ಮಾಡಿದರಂತೆ. "ಅವರಿಗೆ ಮನಸ್ಸಿಲ್ಲ ಅಂಕಲ್, ನೀವು ಸುಮ್ಮನೆ ಹೊಗಳುವುದು" ಅಂದ. ನಲವತ್ತು ಮದುವೆ ಕೂಡಿಸಿದವನು ನಾನು, ಅಷ್ಟು ಸುಲಭಕ್ಕೆ ಬಿಡುತ್ತೇನೆಯೇ?

ಎರಡು ಊರಿನ ಗಡಿಯಾರಕ್ಕೂ ಒಂದೂವರೆ ಗಂಟೆಯ ಅಂತರ, ನಮ್ಮದು ಮುಂದೆ. ಸೊಹಾರಿನವರು ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗಿದರೂ ಆರಕ್ಕೆ ಎಂದರೆ ಆರಕ್ಕೇ ಸಿಗುತ್ತಾರೆ. ಉಪ್ಪಳದಲ್ಲಿ ಯಾರೂ ಮಲಗುವುದಿಲ್ಲ, ಆದರೆ "ಐದು ನಿಮಿಷ" ಅಂದವನು ಮರುದಿನ ಬರುತ್ತಾನೆ. ನಮ್ಮಲ್ಲಿ ಗಡಿಯಾರ ತಪ್ಪದ್ದು ಒಂದೇ, ಏಳೂವರೆಗೆ ಮನೆಮಂದಿಯೆಲ್ಲ ಸೇರಿ ಹೇಳುವ ಜಪಮಾಲೆ ಪ್ರಾರ್ಥನೆ. ಆಗ ಫೋನ್ ಎತ್ತುವ ಕೊಂಕಣಿ ಕ್ರೈಸ್ತರ ಮನೆ ಇಲ್ಲ. ಅವನ ಆರು ಗಂಟೆ ಅಂದರೆ ಇಲ್ಲಿ ಅದೇ ಹೊತ್ತು. ಊರು ಬಿಟ್ಟು ಆರು ವರ್ಷವಾಯಿತು, ಮರೆತಿದ್ದಾನೆ.

ವಿವರಿಸಿದರೆ ನೆಪ ಅನ್ನುತ್ತಾನೆ. "ಇವತ್ತೊಂದು ದಿನ ಆರಕ್ಕೇ ಮಾಡು ಮಾರಾಯ" ಎಂದಷ್ಟೇ ಹೇಳಿ, ನಾನೂ ಒಲಿವಿಯಾಳ ಮನೆಗೆ ಹೋಗಿ ಅವರ ಅಲ್ತಾರಿನ, ದೇವರ ಪೀಠದ ಮುಂದೆ ಮೊಣಕಾಲೂರಿದೆ. ಅವರ ಫೋನ್ ಬಡಿದುಕೊಂಡಿತು. ಒಲಿವಿಯಾಳ ತಾಯಿ ತೆರೆಜಾ ಕಣ್ಣು ದೊಡ್ಡದು ಮಾಡಿದರೂ ಕೇಳದೆ ಗುಂಡಿ ಒತ್ತಿ, ಸ್ಪೀಕರ್ ಹಾಕಿ, ಮೇಣದ ಬತ್ತಿಯ ಪಕ್ಕ ಇಟ್ಟೆ. "ಹಲೋ? ಹಲೋ?" ಅಂದ ಎಲ್ರೊಯ್. ಪ್ರಾರ್ಥನೆ ನಿಲ್ಲಲಿಲ್ಲ. ಮುಂದಿನ ನಮಾನ್ ಮರಿಯೆ ಪ್ರಾರ್ಥನೆಗೆ ನಮ್ಮೊಟ್ಟಿಗೆ ಅವನೂ ಉತ್ತರ ಹೇಳಿದ.

ಮುಗಿದದ್ದೇ ಒಲಿವಿಯಾ ಫೋನ್ ಹಿಡಿದು ಜಗಲಿಗೆ ಹೋದಳು. "ಎಂತ ಸಿಮೋನಾಬ್, ದೇವರ ಎದುರೂ ನಿಮ್ಮ ದಲ್ಲಾಳಿಕೆಯಾ?" ಎಂದು ತೆರೆಜಾ ನನಗೆ ಬೈದರು. ಬೈದವರೇ ಊಟಕ್ಕೆ ಕೂರಿಸಿದರು. ನಾನು ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗಲೂ ಹುಡುಗಿ ಒಳಗೆ ಬಂದಿರಲಿಲ್ಲ.